ಆರನೇ ದಿನದ ಬಾಟಲಿ

ಹೊಲಕ್ಕೆ ಹೊಡೆದ ಕೀಟನಾಶಕ (ನಮ್ಮ ಕಡೆ ಅದಕ್ಕೆ ಎಣ್ಣಿ ಅಂತಾರೆ) ಮಳೆ ನೀರಿನ ಜೊತೆ ಹಳ್ಳಕ್ಕಿಳಿದರೆ ಅಲ್ಲಿನ ಜೀವಿಗಳಿಗೆ ಏನಾದೀತು ಅಂತ ಮೊದಲೇ ಅಂದಾಜು ಹಾಕುವುದು ನನ್ನ ಕೆಲಸ. ಚಿತ್ತಾಪುರ ಕಡೆ ಕಾಗಿಣಾ ನದಿ ಸೇರುವ ಒಂದು ಹಳ್ಳದಲ್ಲಿ ನನ್ನ ಅಂದಾಜು ಪೂರ್ತಿ ತಪ್ಪಿತು.

ದಂಡೆಯುದ್ದಕ್ಕೂ ಹತ್ತಿ, ತೊಗರಿ. ಹತ್ತಿಯ ಜಿಗಿಹುಳಕ್ಕೆ ಇಮಿಡಾಕ್ಲೋಪ್ರಿಡ್ ಎಂಬ ಎಣ್ಣಿ ಹೊಡೆದಿದ್ದರು. ತಿಂಗಳ ಸರಾಸರಿ ಮಳೆ ಹಿಡಿದು, ಹಳ್ಳಕ್ಕೆ ಅದು ಎಷ್ಟು ಇಳಿದೀತು ಅಂತ ಲೆಕ್ಕ ಮಾಡಿದೆ. ಬಂದ ಪ್ರಮಾಣವನ್ನು ಡಾಫ್ನಿಯಾ ಎಂಬ ನೀರುಚಿಗಟದ ಮೇಲೆ ಮಾಡುವ 48 ಗಂಟೆಯ ಪರೀಕ್ಷೆಯ ಅಂಕಿಗೆ ಹೋಲಿಸಿ, ಅಪಾಯವಿಲ್ಲ ಅಂತ ಬರೆದೆ. ಮಳೆಯಾದ ಆರನೇ ದಿನ ತುಂಬಿಸಿ ತಂದ ಬಾಟಲಿಯಲ್ಲೂ ಏನೂ ಸಿಗಲಿಲ್ಲ.

ಆಮೇಲೆ ಹಳ್ಳಕ್ಕಿಳಿದು ಪರ್ಸಿ ಕಲ್ಲು ಮಗುಚಿದೆ. ಜುಲೈಯಲ್ಲಿ ಅದೇ ಕಲ್ಲಿನಡಿ ಮೇಫ್ಲೈ ಎಂಬ ಹಾರುವ ಕೀಟದ, ನೀರಲ್ಲಿ ಬೆಳೆಯುವ ಮರಿಗಳು ಅಂಟಿಕೊಂಡಿದ್ದವು. ಬೆಳಕು ಬಿದ್ದ ಕೂಡಲೇ ಮೂರೆಳೆ ಬಾಲ ಆಡಿಸುತ್ತ ನೆರಳಿಗೆ ಸರಿಯುತ್ತಿದ್ದವು. ಹೊಟ್ಟೆಯ ಎರಡೂ ಪಕ್ಕ ಕಿವಿರು ಪಟಪಟ ಬಡಿಯುತ್ತಿತ್ತು. ಈಗ ಒಂದೂ ಇಲ್ಲ. ಕೆಸರಲ್ಲಿ ಕೆಂಪು ಹುಳ, ಕಲ್ಲಿಗೆ ನಾಲ್ಕು ಬಸವನಹುಳ.

ಪಕ್ಕದ ಹೊಲದ ಕಾಕಾ ಹೇಳಿದರು: "ಎಣ್ಣಿ ಹೊಡದ ಮರುದಿನಾನೇ ದೊಡ್ಡ ಮಳಿ ಆಯ್ತ್ರಿ ಸರ. ಹೊಲದಾಗಿನ ನೀರೆಲ್ಲ ಹಳ್ಳಕ್ಕ ಹೋತು ನೋಡ್ರಿ."

ನಮ್ಮ ಎರೆ ಮಣ್ಣು ಒಮ್ಮೆ ತೊಯ್ದು ಬಿರುಕು ಮುಚ್ಚಿತೆಂದರೆ ನೀರು ಇಂಗುವುದು ಕಡಿಮೆ, ಮೇಲೇ ಹರಿಯುತ್ತೆ. ವಿಷ ಮೊದಲ ಹರಿವಿನಲ್ಲಿ ಬಂದು ಕೆಲವೇ ತಾಸಿನಲ್ಲಿ ದಾಟಿ ಹೋಗಿರುತ್ತೆ. ಆರನೇ ದಿನದ ಬಾಟಲಿಗೆ ಅದು ಹೇಗೆ ಸಿಕ್ಕೀತು? ಡಾಫ್ನಿಯಾದ ಅಂಕಿಯೂ ದಾರಿ ತಪ್ಪಿಸಿತ್ತು. ಇಮಿಡಾಕ್ಲೋಪ್ರಿಡ್ಡನ್ನು ಅದು ತಡೆದುಕೊಳ್ಳುತ್ತೆ, ಮೇಫ್ಲೈ ಮರಿ ಸಾವಿರಾರು ಪಟ್ಟು ಕಡಿಮೆ ವಿಷಕ್ಕೇ ಬೀಳುತ್ತೆ.

ಜರ್ಮನಿಯ ವಿಜ್ಞಾನಿಗಳಾದ ಲೀಸ್ ಮತ್ತು ಫಾನ್ ಡೆರ್ ಓಹೆ 2005ರಲ್ಲಿ ಪ್ರಕಟಿಸಿದ, ಹಳ್ಳದಲ್ಲಿ ಯಾವ ಜೀವಿಗಳಿವೆ ಅಂತ ನೋಡಿ ಕೀಟನಾಶಕದ ಪೆಟ್ಟು ಅಳೆಯುವ ಸ್ಪಿಯರ್ ವಿಧಾನ ನನಗೆ ಅರ್ಥವಾದದ್ದು ಆ ಕಲ್ಲು ಹಿಡಿದು ನಿಂತಾಗಲೇ. ಯಾವ ಜೀವಿ ವಿಷಕ್ಕೆ ಬೇಗ ಬೀಳುತ್ತೆ, ಅದರ ತಲೆಮಾರಿಗೆ ಎಷ್ಟು ಕಾಲ ಬೇಕು, ಬೇರೆಡೆಯಿಂದ ಮತ್ತೆ ಬರಬಲ್ಲದೇ, ಸಿಂಪಡಿಸುವ ಹೊತ್ತಿಗೆ ನೀರಲ್ಲಿ ಇರುತ್ತದೆಯೇ ಎಂಬ ನಾಲ್ಕು ಮಾತು ಅದರಲ್ಲಿವೆ. ಹೊಲಗಳಿಲ್ಲದ ಮೇಲ್ಭಾಗವಿದ್ದರೆ ಹಳ್ಳ ಬೇಗ ಚೇತರಿಸಿಕೊಳ್ಳುತ್ತೆ ಅಂತಲೂ ಅವರು ಕಂಡರು. ನಮ್ಮ ಹಳ್ಳಕ್ಕೆ ಅಂಥ ಜಾಗ ಒಂದೇ, ಮೇಲಿನ ಜಾಲಿ ಪೊದೆಯ ತಿರುವು. ಅಲ್ಲಿ ಮರಿಗಳು ಉಳಿದಿದ್ದವು.

ಈಗ ಸರಾಸರಿ ಮಳೆ ಬಿಟ್ಟಿದ್ದೇನೆ. ಹೊಡೆದ ತಾರೀಖು ರೈತರನ್ನೇ ಕೇಳುತ್ತೇನೆ. ಹಳ್ಳದಲ್ಲಿ ಗೂಟ ನೆಟ್ಟು, ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಬಾಟಲಿ ಕಟ್ಟುತ್ತೇನೆ. ನೀರು ಏರಿದಾಗ ತಾನೇ ತುಂಬಿಕೊಳ್ಳುತ್ತೆ. ಪೈರೆಥ್ರಾಯ್ಡ್ ಎಂಬ ಇನ್ನೊಂದು ಬಗೆಯ ಎಣ್ಣಿ ಹೊಡೆದಿದ್ದರೆ ಕೆಸರನ್ನೂ ತರುತ್ತೇನೆ, ಅದು ಮಣ್ಣಿಗೇ ಅಂಟುತ್ತೆ.

ಮುಂದಿನ ಮುಂಗಾರಿಗೆ ಕಾಕಾ ದಂಡೆಯಲ್ಲಿ ಎರಡು ಸಾಲು ಹತ್ತಿ ಬಿಟ್ಟು ಹುಲ್ಲು ಬೆಳೆಸಲು ಒಪ್ಪಿದ್ದಾರೆ. ನಾನು ನಾಲ್ಕು ಸಾಲು ಕೇಳಿದ್ದೇನೆ.