ಒಳಗಿನವನೇ ಹೀಗೆ ಮಾಡಿದರೆ ಹೇಗೆ?

ನಾನು ಪೊಲೀಸ್ ಕೆಲಸದಲ್ಲಿದ್ದೆ ಅಂತ ಗೊತ್ತಾದರೆ ಸಾಕು, ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಹಳೇಬೀಡಿನ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುವಾಗ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. "ಅಲ್ಲ ಸಾರ್, ಉಗ್ರರನ್ನು ಹಿಡಿಯಬೇಕಾದವನೇ ಅವರ ಜೊತೆ ಸೇರಿದರೆ ಏನು ಗತಿ? ನಿಯತ್ತು ಅನ್ನೋದೇ ಇಲ್ವಾ?"

2020ರ ಜನವರಿಯಿಂದ ಈ ಪ್ರಶ್ನೆ ಜಾಸ್ತಿ ಆಯಿತು. ಆ ತಿಂಗಳ 11ರಂದು ಕಾಶ್ಮೀರದ ಕುಲ್ಗಾಮ್ ಜಿಲ್ಲೆಯ ಹೆದ್ದಾರಿಯಲ್ಲಿ ಒಂದು ಕಾರು ತಡೆದರು. ಒಳಗೆ ಹಿಜ್ಬುಲ್ ಮುಜಾಹಿದ್ದೀನ್ ಉಗ್ರರಿದ್ದರು. ಅವರ ಜೊತೆ ಕೂತಿದ್ದವರು ಜಮ್ಮು ಕಾಶ್ಮೀರ ಪೊಲೀಸ್ ಡಿವೈಎಸ್‌ಪಿ ದವಿಂದರ್ ಸಿಂಗ್. ಒಂದು ಕಾಲಕ್ಕೆ ಉಗ್ರರ ವಿರುದ್ಧದ ವಿಶೇಷ ದಳದಲ್ಲಿ ಕೆಲಸ ಮಾಡಿದವರು. ಸಿಕ್ಕಿಬೀಳುವಾಗ ಶ್ರೀನಗರ ವಿಮಾನ ನಿಲ್ದಾಣದಲ್ಲಿ, ವಿಮಾನ ಅಪಹರಣ ತಡೆಯುವ ತಂಡದಲ್ಲಿದ್ದರು. ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎ ಆರೋಪಪಟ್ಟಿ ಹಾಕಿತು. 2021ರ ಮೇ ತಿಂಗಳಲ್ಲಿ ಕೆಲಸದಿಂದ ವಜಾ ಮಾಡಿದರು.

ಕೊಡಲಿ ಕಾವು ಕುಲಕ್ಕೆ ಸಾವು ಅಂತ ಎಲ್ಲರೂ ಹೇಳಿದರು. ನನಗೆ ಮಾತ್ರ ಬೇರೆಯೇ ಒಂದು ವಿಷಯ ಕಾಡಿತು. ಸಂಸತ್ ದಾಳಿ ಪ್ರಕರಣದಲ್ಲಿ 2013ರಲ್ಲಿ ಗಲ್ಲಿಗೇರಿದ ಅಫ್ಜಲ್ ಗುರು, ಅದಕ್ಕೂ ಎಷ್ಟೋ ವರ್ಷ ಮೊದಲೇ ತನ್ನ ವಕೀಲರಿಗೆ ಬರೆದ ಪತ್ರದಲ್ಲಿ ಇದೇ ಅಧಿಕಾರಿಯ ಹೆಸರು ಹೇಳಿ ಆರೋಪ ಮಾಡಿದ್ದ. ಗಲ್ಲು ಶಿಕ್ಷೆಯ ಕೈದಿ ತನ್ನ ಜೀವ ಉಳಿಸಿಕೊಳ್ಳಲು ಏನು ಬೇಕಾದರೂ ಬರೆಯಬಹುದು, ಒಪ್ಪುತ್ತೇನೆ. ಆದರೆ ಅಂಥ ಮಾತನ್ನು ಒಮ್ಮೆ ಬೇರುಸಮೇತ ಕೆದಕಿ ನೋಡಬೇಕು. ಸುಳ್ಳಾಗಿದ್ದರೆ ಆ ಅಧಿಕಾರಿಗೇ ಒಳ್ಳೆಯದು, ಅಲ್ವಾ?

ಹಾಗೆ ಕೆದಕಲು ನಾವು ಯಾಕೆ ಹಿಂಜರಿಯುತ್ತೇವೆ? ಇದಕ್ಕೆ ಉತ್ತರ ಹೇಳಲು ನಾನು ಕೇಳಿದವರನ್ನು ನಮ್ಮೂರಿನ ಒಂದು ಕಂಬದ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಹೊಯ್ಸಳೇಶ್ವರ ದೇವಸ್ಥಾನದ ಪಕ್ಕದಲ್ಲೇ ಇದೆ ಅದು, ಗರುಡಗಂಬ. ಪ್ರವಾಸಿಗರು ಜಾಸ್ತಿ ನೋಡುವುದಿಲ್ಲ. ಗರುಡರು ಅಂದರೆ ಹೊಯ್ಸಳ ರಾಜರ ಅಂಗರಕ್ಷಕರು. ರಾಜ ಸತ್ತರೆ ತಾವೂ ಸಾಯುತ್ತೇವೆ ಅಂತ ಆಣೆ ಮಾಡಿದವರು. ಸುಮಾರು 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ಗರುಡ ಕುವರ ಲಕ್ಷ್ಮ, ಲಕ್ಷ್ಮನ ಹೆಂಡತಿ, ಜೊತೆಗೆ ಸಾವಿರ ಯೋಧರು ಪ್ರಾಣ ಕೊಟ್ಟರು ಎಂದು ಅಲ್ಲಿನ ಶಾಸನ ಹೇಳುತ್ತದೆ. ಕತ್ತಿಯಿಂದ ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವವರ ಕೆತ್ತನೆ ಆ ಕಂಬದ ಮೇಲಿದೆ. ನೋಡಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನಿಯತ್ತು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಈ ಚಿತ್ರವೇ. ಒಬ್ಬ ಮನುಷ್ಯನಿಗೆ ಕೊಟ್ಟ ಮಾತು. ಆ ಕಾಲಕ್ಕೆ ಅದು ದೊಡ್ಡದು. ಆದರೆ ಖಾಕಿ ಹಾಕುವಾಗ ನಾವು ಪ್ರಮಾಣ ಮಾಡುವುದು ಸಂವಿಧಾನದ ಹೆಸರಿನಲ್ಲಿ, ಪಕ್ಕದ ಮಂಚದಲ್ಲಿ ಮಲಗುವವನ ಹೆಸರಿನಲ್ಲಲ್ಲ. ಕ್ಯಾಂಪಿನಲ್ಲಿ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಇದು ಮರೆತುಹೋಗುತ್ತದೆ. ಒಂದೇ ತಟ್ಟೆಯಲ್ಲಿ ಉಂಡಿರುತ್ತೇವೆ. ನಮ್ಮವನನ್ನು ನಾವೇ ಬಿಟ್ಟುಕೊಡಬಾರದು ಅನ್ನಿಸುತ್ತದೆ. ದ್ರೋಹಿಗೆ ನೆರಳು ಸಿಗುವುದು ಇಲ್ಲೇ, ಒಳ್ಳೆಯವರ ನಿಯತ್ತಿನ ಕೆಳಗೆ.

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನಲ್ಲಿ ರಾಬರ್ಟ್ ಹ್ಯಾನ್ಸನ್ ಅಂತ ಒಬ್ಬನಿದ್ದ. ಬೇರೆ ದೇಶದ ಗೂಢಚಾರರನ್ನು ಹಿಡಿಯುವುದೇ ಅವನ ಕೆಲಸ. ಅವನೇ 1979ರಲ್ಲಿ ರಷ್ಯನ್ನರಿಗೆ ಗುಟ್ಟು ಮಾರಲು ಶುರು ಮಾಡಿದ. ಆರು ಮಕ್ಕಳ ತಂದೆ, ತಪ್ಪದೆ ಚರ್ಚಿಗೆ ಹೋಗುವವನು. 1990ರಲ್ಲಿ ಅವನ ಮನೆಯಲ್ಲಿ ಕಂತೆ ಕಂತೆ ಹಣ ಕಂಡ ಸುದ್ದಿ ಅವನ ಭಾವಮೈದುನನ ಕಿವಿಗೆ ಬಿತ್ತು. ಆ ಭಾವಮೈದುನನೂ ಎಫ್‌ಬಿಐ ಅಧಿಕಾರಿಯೇ. ಅವನು ಸುಮ್ನೆ ಕೂರಲಿಲ್ಲ, ಮೇಲಿನವರಿಗೆ ಹೇಳಿದ. ಸ್ವಂತ ಅಕ್ಕತಂಗಿಯ ಗಂಡನ ಮೇಲೆ ದೂರು! ಅವನಿಗೆ ಎಷ್ಟು ಕಷ್ಟವಾಗಿರಬೇಕು. ಮೇಲಿನವರು ಏನೂ ಮಾಡಲಿಲ್ಲ. ಹ್ಯಾನ್ಸನ್ ಸಿಕ್ಕಿಬಿದ್ದದ್ದು 2001ರ ಫೆಬ್ರವರಿಯಲ್ಲಿ. ಆ ಮನೆಯಲ್ಲಿ ನಿಯತ್ತಿನ ಮನುಷ್ಯ ಯಾರು ಅಂತ ಕೇಳಿದರೆ ನಾನು ಆ ಭಾವಮೈದುನನ ಕಡೆ ಕೈ ತೋರಿಸುತ್ತೇನೆ.

ನನ್ನದೂ ಒಂದು ಕಥೆ ಇದೆ. ನಾನು ವೈರ್‌ಲೆಸ್ ಮೇಲೆ ಕೂರುತ್ತಿದ್ದೆ. ಘಟ್ಟದ ಕಡೆ ಒಂದು ಕ್ಯಾಂಪು. ರಾತ್ರಿ ಕೂಂಬಿಂಗ್‌ಗೆ, ಅಂದರೆ ಕಾಡು ಜಾಲಾಡಿ ಹುಡುಕಲು, ಹೋದ ತಂಡಕ್ಕೆ ಬೆಳಗಿನ ಜಾವ ಸಿಕ್ಕಿದ್ದು ಖಾಲಿ ಗುಡಿಸಲು. ಒಲೆಯ ಬೂದಿ ಇನ್ನೂ ಬಿಸಿಯಿತ್ತು. ಹಿಂದಿನ ಸಂಜೆ ನಮ್ಮಲ್ಲೇ ಒಬ್ಬ ಪೇಟೆಯಲ್ಲಿ ಯಾರ ಹತ್ತಿರವೋ ತುಂಬ ಹೊತ್ತು ಮಾತಾಡುತ್ತಿದ್ದದ್ದನ್ನು ನಾನು ನೋಡಿದ್ದೆ. ಸಾಲ ಮಾಡಿಕೊಂಡಿದ್ದಾನೆ ಅಂತಲೂ ಗೊತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ. ಅವತ್ತು ಯಾರ ಜೀವವೂ ಹೋಗಲಿಲ್ಲ. ಆದರೆ ನಮ್ಮ ಹುಡುಗರು ಅದೇ ದಾರಿಯಲ್ಲಿ ಕತ್ತಲಲ್ಲಿ ನಡೆದು ಹೋಗಿದ್ದರು.

ಹೋದ ತಿಂಗಳು ಬೇಲೂರಿನ ಹುಡುಗನೊಬ್ಬ ಪಿಎಸ್‌ಐ ಆಯ್ಕೆಯಾಗಿ ಆಶೀರ್ವಾದ ಕೇಳಲು ಬಂದಿದ್ದ. ಅವನದೂ ಅದೇ ಪ್ರಶ್ನೆ. ಕಂಬದ ಮುಂದೆ ನಿಂತು ಇಷ್ಟೂ ಹೇಳಿದೆ. ಕೊನೆಗೆ ಮೆಲ್ಲಗೆ ಕೇಳಿದ, "ನೀವು ಮೇಲಿನವರಿಗೆ ಹೇಳಿದ್ರಾ ಸಾರ್?"

ಇಲ್ಲ ಅಂದೆ. ಆ ಕ್ಯಾಂಪಿನವನ ಮಗಳ ನಾಮಕರಣದಲ್ಲಿ ಊಟ ಮಾಡಿದ್ದೆ, ಅದಕ್ಕೇ ಹೇಳಲಿಲ್ಲ ಅಂದೆ.