ಬೆಂಗಳೂರಿನಲ್ಲಿ ಉಪ್ಪುನೀರಿನ ಟ್ಯಾಂಕ್: ಮೊದಲ ಎರಡೂವರೆ ತಿಂಗಳು

ಎರಡು ವರ್ಷದ ಹಿಂದೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ಅಲ್ಲಿ ನೀರಿಗಿಳಿದಾಗ ಜೀವನದಲ್ಲೇ ಮೊದಲ ಸಲ ಹವಳ ನೋಡಿದೆ. ಅವತ್ತಿನಿಂದ ಮನೆಯಲ್ಲೊಂದು ಉಪ್ಪುನೀರಿನ ಟ್ಯಾಂಕ್ ಇಡಬೇಕು ಅನ್ನೋ ಆಸೆ. ಜೊತೆಗೆ ಒಂದು ಷರತ್ತನ್ನೂ ಹಾಕಿಕೊಂಡೆ: ನನ್ನ ಟ್ಯಾಂಕಿಗೋಸ್ಕರ ಸಮುದ್ರದಿಂದ ಕಲ್ಲಾಗಲಿ ಮೀನಾಗಲಿ ಕಿತ್ತು ತರಬಾರದು. ಈ ಜನವರಿಯಲ್ಲಿ ಕೆಲಸ ಶುರುವಾಯಿತು. ಡೈರಿಯಲ್ಲಿ ಗೀಚಿಟ್ಟಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜನವರಿ 12

ಟ್ಯಾಂಕ್ ಬಂತು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಗಾಜು 10 ಮಿ.ಮೀ. ಮೊದಲು ಮೇಜಿನ ಮೇಲೆ ಇಡುವಂಥ 40 ಲೀಟರಿನದೇ ಸಾಕು ಅಂದುಕೊಂಡಿದ್ದೆ. ಲೆಕ್ಕ ಹಾಕಿದ ಮೇಲೆ ಮನಸ್ಸು ಬದಲಾಯಿತು. ನೀರು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. 40 ಲೀಟರಿನಲ್ಲಿ ಒಂದು ಲೀಟರ್ ಆರಿದರೆ, ಲೀಟರಿಗೆ 35 ಗ್ರಾಂ ಇದ್ದ ಉಪ್ಪು ಹೆಚ್ಚುಕಡಿಮೆ 36 ಆಗುತ್ತದೆ. 150 ಲೀಟರಿನಲ್ಲಿ ಅಷ್ಟೇ ಆರಿದರೆ 35 ದಾಟಿ ಸ್ವಲ್ಪ, ಅಷ್ಟೇ. ಹೊಸಬರಿಗೆ ಚಿಕ್ಕ ಟ್ಯಾಂಕೇ ಸುಲಭ ಅಂತ ತುಂಬಾ ಜನ ಹೇಳುತ್ತಾರೆ. ಉಪ್ಪುನೀರಿನ ವಿಷಯದಲ್ಲಿ ಅದು ಉಲ್ಟಾ.

ನೀರು, ಕಲ್ಲು, ಮರಳು, ಗಾಜು, ಸ್ಟ್ಯಾಂಡ್ ಎಲ್ಲ ಸೇರಿ 250 ಕೆಜಿ ಆಗುತ್ತದೆ. ನಮ್ಮದು ಎರಡನೇ ಮಹಡಿ. ಅದಕ್ಕೇ ಹಾಲ್ ಮಧ್ಯೆ ಇಡದೆ, ಕೆಳಗೆ ಬೀಮ್ ಹೋಗಿರುವ ಗೋಡೆಗೆ ಒತ್ತಿಸಿ ಇಟ್ಟೆವು. ಗಾರೆ ಕೆಲಸದವರ ಹತ್ತಿರ ರಸಮಟ್ಟ ಇಸಕೊಂಡು ನಾಲ್ಕೂ ಕಡೆ ನೋಡಿದೆ. ಎಡಗಡೆ ಮೂಲೆ 3 ಮಿ.ಮೀ. ತಗ್ಗಿತ್ತು. ಸ್ಟ್ಯಾಂಡ್ ಕಾಲಿನ ಕೆಳಗೆ ರಬ್ಬರ್ ತುಂಡು ಕೊಟ್ಟು ಸರಿಮಾಡಿದೆ.

ಜನವರಿ 19

ಈ ವಾರ ಬರೀ ನೀರಿನ ಕೆಲಸ. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣಗಳ ಅಳತೆ, 780. ಅಡುಗೆಮನೆಯ ಆರ್‌ಓದಿಂದ ಹೊರಗೆ ಬಂದದ್ದು 85. ಆರ್‌ಓ ಆದಮೇಲೂ ಇಷ್ಟು ಯಾಕೆ ಅಂತ ತಲೆ ಕೆಡಿಸಿಕೊಂಡೆ. ನೋಡಿದರೆ, ಕುಡಿಯೋಕೆ ರುಚಿ ಬರಲಿ ಅಂತ ಆ ಮೆಷಿನ್ನೇ ಖನಿಜ ಸೇರಿಸಿ ಕಳಿಸುತ್ತಿತ್ತು. ಆ ಕಾರ್ಟ್ರಿಜ್‌ಗೆ ಮುಂಚೆಯೇ ಒಂದು ಪೈಪ್ ಕವಲು ತೆಗೆಸಿದೆ. ಅದರ ಮುಂದೆ ಡಿಐ ರೆಸಿನ್, ಅಂದರೆ ಉಳಿದ ಲವಣವನ್ನೂ ಹಿಡಿದಿಟ್ಟುಕೊಳ್ಳುವ ಹರಳು, ಸೇರಿಸಿದೆ. ಮೀಟರ್ ಅದ್ದಿದರೆ 000. ಆ ಮೂರು ಸೊನ್ನೆ ನೋಡಿದಾಗ ಆದ ಖುಷಿ ಹೇಳತೀರದು.

150 ಲೀಟರ್ ತುಂಬೋಕೆ ಮೂರು ದಿನ ಹಿಡಿಯಿತು. ಆರ್‌ಓ ಹೊರಗೆ ಬಿಡುವ ನೀರನ್ನು ಬಕೆಟ್‌ಗಳಲ್ಲಿ ಹಿಡಿದು ನೆಲ ಒರೆಸೋಕೆ, ಬಾತ್‌ರೂಮ್ ತೊಳೆಯೋಕೆ ಬಳಸಿದೆವು. ಈ ಊರಿನಲ್ಲಿ ನೀರು ಚೆಲ್ಲೋಕೆ ಮನಸ್ಸು ಬರುವುದಿಲ್ಲ.

ಜನವರಿ 26

ಉಪ್ಪು ಕರಗಿಸಿದೆ. ಇದು ಅಡುಗೆ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸಮುದ್ರದಲ್ಲಿರುವ ಅಳತೆಗೆ ಬರುವ ಹಾಗೆ ಬೆರೆಸಿದ ಪುಡಿ. ಐದೂವರೆ ಕೆಜಿಗೂ ಸ್ವಲ್ಪ ಜಾಸ್ತಿ ಬೇಕಾಯಿತು ಅಂತ ಕೊನೆಗೆ ಗೊತ್ತಾದದ್ದು. ಮೊದಲು ಐದು ಕೆಜಿ ಆಗುವ ಮುಂಚೆಯೇ ನಿಲ್ಲಿಸಿಬಿಟ್ಟಿದ್ದೆ.

ಕಾರಣ ಹೈಡ್ರೋಮೀಟರ್, ನೀರಿನ ಸಾಂದ್ರತೆಯಿಂದ ಉಪ್ಪು ಎಷ್ಟಿದೆ ಅಂತ ಹೇಳುವ ಉಪಕರಣ. ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇಲುವ ಮುಳ್ಳು. ಅದು 1.025 ತೋರಿಸಿತು, ಅಂದರೆ ಬರೀ ನೀರಿಗಿಂತ 1.025 ಪಟ್ಟು ಭಾರ. ನಮಗೆ ಬೇಕಾದ್ದೂ ಅದೇ, ಮುಗೀತು ಅಂದುಕೊಂಡೆ. ರಾತ್ರಿ ಸುಮ್ನೆ, ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲೂ ನೋಡೋಣ ಅಂತ ಎರಡು ಹನಿ ಗಾಜಿನ ಮೇಲೆ ಬಿಟ್ಟು, ಮುಚ್ಚಳ ಒತ್ತಿ, ಟ್ಯೂಬ್‌ಲೈಟ್ ಕಡೆಗೆ ಹಿಡಿದೆ. ನೀಲಿ ಗೆರೆ 1.021ರ ಹತ್ತಿರ ನಿಂತಿತ್ತು. ಮತ್ತೆ ಹೈಡ್ರೋಮೀಟರ್ ತೆಗೆದು ಬೆಳಕಿಗೆ ಹಿಡಿದೆ. ಮುಳ್ಳಿನ ಕೆಳಗಡೆ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಸಾಲಾಗಿ ಅಂಟಿದ್ದವು. ಆ ಗಾಳಿಯೇ ಮುಳ್ಳನ್ನು ಮೇಲಕ್ಕೆತ್ತುತ್ತಿತ್ತು. ಬೆರಳಿನಿಂದ ತಟ್ಟಿದೆ, ಗುಳ್ಳೆ ಬಿಟ್ಟವು, ಮುಳ್ಳು ಕೆಳಗಿಳಿಯಿತು. ಇನ್ನೂ ಸುಮಾರು 800 ಗ್ರಾಂ ಉಪ್ಪು ಹಾಕಿದೆ. ರಿಫ್ರಾಕ್ಟೋಮೀಟರನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಬರೀ ನೀರಿಗೆ ಸೊನ್ನೆ ತೋರಿಸಿದರೆ ಸಾಲದು. ಸರಿಯಾಗಿ 35ರ ಅಳತೆಯ ದ್ರಾವಣ ಸಿಗುತ್ತದೆ, ಅದನ್ನಿಟ್ಟು ಹೊಂದಿಸಿಕೊಳ್ಳಬೇಕು.

ಫೆಬ್ರವರಿ 1

ಕಲ್ಲು, ಮರಳು. ನನ್ನ ಷರತ್ತು ನಿಜವಾಗಿ ಪರೀಕ್ಷೆಗೆ ಬಂದದ್ದು ಇಲ್ಲಿ. ಶಿವಾಜಿನಗರದ ಕಡೆ ಅಂಗಡಿಗಳನ್ನು ಸುತ್ತುವಾಗ ಒಬ್ಬರು "ಸಾರ್, ಸಮುದ್ರದಿಂದಲೇ ಬಂದ ಜೀವಂತ ಕಲ್ಲು ಕೊಡ್ತೀನಿ, ಒಂದೇ ವಾರಕ್ಕೆ ಮೀನು ಬಿಡಬಹುದು" ಅಂದರು. ಜೀವಂತ ಕಲ್ಲು ಅಂದರೆ ಸಣ್ಣ ಜೀವಿಗಳು ಮನೆ ಮಾಡಿರುವ, ಹವಳದ ದಿಬ್ಬದಿಂದ ಕಿತ್ತ ಕಲ್ಲು. ಬೇಡ ಅಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿ ದಿಬ್ಬ ಕಟ್ಟುವ ಹವಳಗಳಿವೆ, ಸಮುದ್ರಕುದುರೆಯೂ ಇದೆ. ಹುಲಿ ಇರುವ ಪಟ್ಟಿಯೂ ಅದೇ. ಕಾನೂನು ಒಂದು ಕಡೆ ಇರಲಿ. ಆ ಕಲ್ಲು ಎದ್ದ ಜಾಗದಲ್ಲಿ ಏನು ಉಳಿದಿರುತ್ತದೆ ಅಂತ ನೇತ್ರಾಣಿಗೆ ಹೋಗಿ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಕಾರ್ಖಾನೆಯಲ್ಲಿ ಮಾಡಿದ ಒಣ ಕಲ್ಲು 15 ಕೆಜಿ ತಂದೆ. ನೋಡೋಕೆ ಬಿಳೀ ಇಟ್ಟಿಗೆ ಚೂರಿನ ಹಾಗಿದೆ, ಮೈತುಂಬ ತೂತು. ನಮಗೆ ಬೇಕಾದ್ದು ಆ ತೂತುಗಳೇ, ಬ್ಯಾಕ್ಟೀರಿಯಾ ಮನೆ ಮಾಡುವುದು ಅಲ್ಲಿ. ಕಲ್ಲನ್ನು ಮೊದಲು ಗಾಜಿನ ತಳದ ಮೇಲೆ ಕೂರಿಸಿ, ಆಮೇಲೆ ಮರಳು ಸುರಿದೆ. ಮೊದಲೇ ಮರಳು ಹಾಕಿದರೆ ಮುಂದೆ ಮೀನು ಕೆಳಗೆ ತೋಡಿ, ಕಲ್ಲು ಉರುಳಬಹುದು.

ಫೆಬ್ರವರಿ 2ರಿಂದ ಮಾರ್ಚ್ 9

ಈ ಐದು ವಾರ ಟ್ಯಾಂಕಿನಲ್ಲಿ ಮೀನಿಲ್ಲ. ನೀರು, ಕಲ್ಲು, ಪಂಪಿನ ಸದ್ದು ಅಷ್ಟೇ. ಅಮ್ಮ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದು ನಿಂತು "ಇವತ್ತಾದ್ರೂ ತರ್ತೀಯೇನೋ?" ಅಂತ ಕೇಳುತ್ತಿದ್ದರು.

ಆಗುತ್ತಿದ್ದದ್ದು ಇದು. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಸಮುದ್ರದ ನೀರಿನ ಪಿಎಚ್ 8ರ ಮೇಲಿರುತ್ತದೆ. ಅಷ್ಟು ಪಿಎಚ್‌ನಲ್ಲಿ ಅಮೋನಿಯಾದ ವಿಷ ಇನ್ನೂ ಜೋರು. ಹಾಗಾಗಿ ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ ಬರಬೇಕು. ನಾನು ಬಾಟಲಿಯ ಬ್ಯಾಕ್ಟೀರಿಯಾ ಹಾಕಿ, ಅವುಕ್ಕೆ ತಿನ್ನೋಕೆ ಅಮೋನಿಯಂ ಕ್ಲೋರೈಡ್ ಅಳೆದು 2 ಪಿಪಿಎಂ (ಲೀಟರಿಗೆ 2 ಮಿ.ಗ್ರಾಂ) ಬರುವಂತೆ ಸೇರಿಸಿದೆ.

ಮೊದಲ ಹತ್ತು ದಿನ ಟೆಸ್ಟ್ ಕಿಟ್‌ನಲ್ಲಿ ಅದೇ ಹಸಿರು, ಅಂದರೆ ಅಮೋನಿಯಾ ಹಾಗೇ ಇದೆ. ಫೆಬ್ರವರಿ 14ಕ್ಕೆ ಹಸಿರು ತಿಳಿಯಾಯಿತು, ನೈಟ್ರೈಟ್ ಟ್ಯೂಬಿನಲ್ಲಿ ನೇರಳೆ ಬಣ್ಣ ಹುಟ್ಟಿತು. 22ಕ್ಕೆ ಅಮೋನಿಯಾ ಪೂರ್ತಿ ಹಳದಿ, ಅಂದರೆ ಸೊನ್ನೆ. ನೈಟ್ರೈಟ್ ಮಾತ್ರ ಕಡು ನೇರಳೆ. ಉಪ್ಪುನೀರಿನಲ್ಲಿ ನೈಟ್ರೈಟ್ ಮೀನಿಗೆ ಅಷ್ಟೊಂದು ಕೆಟ್ಟದ್ದಲ್ಲ, ನೀರಿನಲ್ಲಿರುವ ಕ್ಲೋರೈಡ್ ಅದನ್ನು ತಡೆಯುತ್ತದೆ. ಆಗಲೇ ಮೀನು ತರಬಹುದಿತ್ತು. ಆದರೂ ಕಾದೆ. ಎರಡನೇ ಕೊಂಡಿಯೂ ಗಟ್ಟಿಯಾಗಿದೆ ಅಂತ ಕಣ್ಣಾರೆ ನೋಡಬೇಕಿತ್ತು. ಮಾರ್ಚ್ 7ಕ್ಕೆ ನೇರಳೆ ಹೋಗಿ ತಿಳಿನೀಲಿ ಬಂತು, ಅಂದರೆ ನೈಟ್ರೈಟೂ ಸೊನ್ನೆ. 8ರ ಸಂಜೆ ಮತ್ತೆ 2 ಪಿಪಿಎಂ ಅಮೋನಿಯಾ ಹಾಕಿದೆ. 9ರ ಸಂಜೆ ಎರಡೂ ಸೊನ್ನೆ. ಅರ್ಧಕ್ಕಿಂತ ಜಾಸ್ತಿ ನೀರು ಬದಲಾಯಿಸಿ ನೈಟ್ರೇಟ್ ಇಳಿಸಿದೆ.

ಮಾರ್ಚ್ 15

ಮೀನು ಬಂದವು! ಕ್ಲೌನ್ ಮೀನು ಎರಡು. ಹ್ಯಾಚರಿಯಲ್ಲಿ ಹುಟ್ಟಿದವು, ಸಮುದ್ರ ನೋಡಿದವಲ್ಲ. ನಮ್ಮ ದೇಶದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಹ್ಯಾಚರಿ ಮರಿ ಕೇಳಿ ತರುವುದು ಈಗ ಕಷ್ಟವಲ್ಲ. ಪೆಲೆಟ್ ತಿಂದೇ ಬೆಳೆದಿರುವುದರಿಂದ ಊಟಕ್ಕೂ ತಕರಾರು ಮಾಡುವುದಿಲ್ಲ.

ಮಗಳಿಗೆ ನೀಲಿ ಟ್ಯಾಂಗ್ ಬೇಕಿತ್ತು. ಅದು ಒಂದಡಿಯವರೆಗೂ ಬೆಳೆಯುವ, ದಿನವಿಡೀ ಈಜುವ ಮೀನು. ನಮ್ಮ ಮೂರಡಿಯಲ್ಲಿ ಅದಕ್ಕೆ ಜಾಗ ಸಾಲದು ಅಂತ ಟೇಪ್ ಹಿಡಿದು ಅಳೆದು ತೋರಿಸಿದೆ. "ಹಾಗಾದ್ರೆ ಅದು ಪಾಪ, ಬೇಡಪ್ಪಾ" ಅಂದಳು.

ಅಂಗಡಿಯ ನೀರು 1.021, ನಮ್ಮದು 1.025. ಏರ್ ಟ್ಯೂಬಿಗೆ ಸಡಿಲವಾಗಿ ಒಂದು ಗಂಟು ಹಾಕಿ, ನಮ್ಮ ನೀರನ್ನು ಅವುಗಳ ಬಕೆಟ್ಟಿಗೆ ಹನಿ ಹನಿಯಾಗಿ ಬಿಟ್ಟೆ. ಒಂದೂವರೆ ಗಂಟೆ ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಬಲೆಯಲ್ಲಿ ಎತ್ತಿ ಬಿಟ್ಟೆ. ಅಂಗಡಿ ನೀರನ್ನು ಟ್ಯಾಂಕಿಗೆ ಸೇರಿಸಲಿಲ್ಲ.

ಮಾರ್ಚ್ 20

ಮಧ್ಯಾಹ್ನ ಮೂರು ಗಂಟೆ ಕರೆಂಟ್ ಇರಲಿಲ್ಲ. ವೇವ್‌ಮೇಕರ್ (ನೀರನ್ನು ಅಲೆಯ ಹಾಗೆ ಕಲಕುವ ಪಂಪ್) 10 ವಾಟ್ ಅಷ್ಟೇ, ಅದನ್ನು ಇನ್ವರ್ಟರ್ ಲೈನಿಗೆ ಮೊದಲೇ ಹಾಕಿಸಿದ್ದು ಒಳ್ಳೆಯದಾಯಿತು. ನೀರು ಅಲ್ಲಾಡುತ್ತಿದ್ದರೆ ಆಮ್ಲಜನಕ ಕರಗುತ್ತಲೇ ಇರುತ್ತದೆ. ಬ್ಯಾಟರಿಯ ಏರ್ ಪಂಪ್ ಕೂಡ ಒಂದು ತಂದಿಟ್ಟಿದ್ದೇನೆ.

ಮಾರ್ಚ್ 30

ಮರಳಿನ ಮೇಲೆ ಕಂದು ಬಣ್ಣದ ಪುಡಿ ಹರಡಿದೆ, ಕಾಫಿಪುಡಿ ಉದುರಿಸಿದ ಹಾಗೆ. ಡಯಾಟಮ್, ತೀರಾ ಸಣ್ಣ ಪಾಚಿ. ಹೊಸ ಟ್ಯಾಂಕಿನಲ್ಲಿ ಬಂದೇ ಬರುತ್ತದೆ, ತಾನಾಗಿಯೇ ಹೋಗುತ್ತದೆ. ಔಷಧಿ ಏನೂ ಹಾಕುತ್ತಿಲ್ಲ. ಮುಂದಿನ ವಾರ ಪಾಚಿ ತಿನ್ನೋಕೆ ನಾಲ್ಕು ಬಸವನಹುಳು ತರುತ್ತೇನೆ. ಸೆಕೆ ಏರುತ್ತಿದೆ, ನಿನ್ನೆ ನೀರು 28 ಡಿಗ್ರಿ ಮುಟ್ಟಿತ್ತು. ಮೇಲೆ ಚಿಕ್ಕ ಫ್ಯಾನ್ ಕಟ್ಟಿದ ಮೇಲೆ 26ಕ್ಕೆ ಬಂದಿದೆ. ಆದರೆ ದಿನಕ್ಕೆ ಒಂದೂವರೆ ಲೀಟರ್ ಆರುತ್ತದೆ, ಅಷ್ಟೇ ಆರ್‌ಓ ನೀರು ತುಂಬುತ್ತೇನೆ.

ಕ್ಲೌನ್ ಮೀನು ಹುಟ್ಟುವಾಗ ಎಲ್ಲವೂ ಗಂಡೇ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ನಮ್ಮ ಎರಡರಲ್ಲಿ ಒಂದು ಆಗಲೇ ಕೂದಲೆಳೆಯಷ್ಟು ಉದ್ದ ಕಾಣುತ್ತಿದೆ. ಚಿಕ್ಕದು ಅದರ ಎದುರಿಗೆ ಬಂದು ಮೈ ಓರೆ ಮಾಡಿ ನಡುಗಿಸುತ್ತದೆ, ದೊಡ್ಡದಕ್ಕೆ ಸೋತೆ ಅಂತ ತೋರಿಸುವ ರೀತಿ ಅದು. ರಾತ್ರಿ ದೀಪ ಆರಿದ ಮೇಲೆ ಎರಡೂ ಬಲಗಡೆ ಹೀಟರಿನ ಹಿಂದೆ ಅಂಟಿಕೊಂಡು ಮಲಗುತ್ತವೆ. ಅಮ್ಮ ಈಗ ಬೆಳಗಿನ ಕಾಫಿಯನ್ನು ಅಲ್ಲೇ ಕುರ್ಚಿ ಎಳೆದುಕೊಂಡು ಕುಡಿಯುತ್ತಾರೆ.