ಜ್ವರ ಬಿಟ್ಟ ಮೇಲೆ ಕಾಲು ಸೋತರೆ ಅದು ಪೋಲಿಯೊನಾ?

"ಜ್ವರ ಬಿಟ್ಟು ಹತ್ತ್ ದಿನಾ ಆತು, ಈಗ ಕೂಸು ಕಾಲ ಊರವಲ್ದು. ಪೋಲಿಯೊ ಆಗೇತೇನ್ರಿ?" ವಿಜಯಪುರ, ಬಾಗಲಕೋಟೆ ಕಡೆಯ ತಾಯಂದಿರು ನಮ್ಮನ್ನು ಹೆಚ್ಚಾಗಿ ಕೇಳುವುದು ಇದನ್ನೇ.

ಬಹುತೇಕ ಅಲ್ಲ. ಭಾರತದಲ್ಲಿ ಕಾಡು ಪೋಲಿಯೊದ (ಲಸಿಕೆಯಿಂದ ಬಂದದ್ದಲ್ಲದ, ಸಹಜವಾಗಿ ಹರಡುವ ವೈರಸ್ಸಿನ) ಕೊನೆಯ ಪ್ರಕರಣ 2011ರ ಜನವರಿಯದು. ಪೋಲಿಯೊದಲ್ಲಿ ಸಾಮಾನ್ಯವಾಗಿ ಜ್ವರ ಇರುವಾಗಲೇ ಕಾಲು ಸೋಲುತ್ತದೆ, ಅದೂ ಒಂದು ಕಡೆ ಹೆಚ್ಚು. ನೆಗಡಿ-ಜ್ವರವೋ ಭೇದಿಯೋ ಬಂದು ಹೋಗಿ, ಒಂದರಿಂದ ನಾಲ್ಕು ವಾರದಲ್ಲಿ ಎರಡೂ ಕಾಲು ಸಮನಾಗಿ ಸೋತು, ಸೋಲು ಮೇಲೇರುತ್ತಿದ್ದರೆ ಮೊದಲ ಅನುಮಾನ ಗಿಲ್ಲಾನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್. ಇಲ್ಲಿ ನರ ಕೆಡಿಸುವುದು ಸೋಂಕಲ್ಲ. ಸೋಂಕಿನ ಮೇಲೆ ಎದ್ದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ನರಗಳ ಮೇಲೆ ಬೀಳುತ್ತದೆ. ಹಾಗಾಗಿ ಜಿಬಿಎಸ್ ಅಂಟುವುದಿಲ್ಲ. ಸಣ್ಣ ಮಕ್ಕಳು ಎಷ್ಟೋ ಸಲ ಮೊದಲು ಕಾಲುನೋವು, ಬೆನ್ನುನೋವು ಎಂದು ಅಳುತ್ತವೆ. "ಹಟ ಮಾಡ್ತೈತಿ" ಎಂದು ದಿನ ಕಳೆದುಹೋಗುವುದು ಇಲ್ಲೇ.

"ನರ ಸರದೈತಿ" ಎಂದು ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಪೋಲಿಯೊ ಅಲ್ಲವೆಂದು ಖಾತ್ರಿಯಾಗುವವರೆಗೆ ಸೊಂಟಕ್ಕೆ ಇಂಜೆಕ್ಷನ್ನೂ ಬೇಡ. ಪೋಲಿಯೊ ಇದ್ದರೆ ಅದರಿಂದ ಸೋಲು ಹೆಚ್ಚುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಿ. ಇಂಡಿ, ಹುನಗುಂದದಂಥ ಕಡೆಯಿಂದ ಹೊರಡುವವರು ಮಕ್ಕಳ ವೆಂಟಿಲೇಟರ್ ಎಲ್ಲಿದೆ ಎಂದು ಫೋನಿನಲ್ಲೇ ಕೇಳಿಕೊಂಡು ಹೊರಡುವುದು ಲೇಸು. ಯಾಕೆಂದರೆ ಜೀವಕ್ಕೆ ಕುತ್ತು ಬರುವುದು ಕಾಲಿನಿಂದಲ್ಲ, ಉಸಿರಿನಿಂದ. ಎಣಿಸಲು ಬರುವ ಮಗುವಿಗೆ ಒಂದೇ ಉಸಿರಿನಲ್ಲಿ ಎಣಿಸಲು ಹೇಳಿ. ಬೆಳಗ್ಗೆ 20 ಮುಟ್ಟಿದ್ದು ಸಂಜೆಗೆ 12ಕ್ಕೆ ನಿಂತರೆ, ದನಿ ಸಣ್ಣಗಾದರೆ, ನೀರು ನೆತ್ತಿಗೇರಿದರೆ ತಕ್ಷಣ ಐಸಿಯು ಬೇಕು.

ಜಿಬಿಎಸ್ ಪತ್ತೆಗೆ ತೆಗೆಯುವ ಬೆನ್ನುಹುರಿಯ ನೀರಿನ ರಿಪೋರ್ಟ್ ಮೊದಲ ವಾರ ನಾರ್ಮಲ್ ಬರಬಹುದು. ಅದನ್ನು ನಂಬಿ ಮನೆಗೆ ಮರಳಬೇಡಿ. ಮುಖ್ಯ ಔಷಧ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು, ರಕ್ತನಾಳಕ್ಕೆ ಹನಿಸುವುದು): ಕಿಲೋ ತೂಕಕ್ಕೆ ಒಟ್ಟು 2 ಗ್ರಾಂ, ಎರಡರಿಂದ ಐದು ದಿನಗಳಲ್ಲಿ. 15 ಕಿಲೋ ಮಗುವಿಗೆ 30 ಗ್ರಾಂ, ಅಂದರೆ 5 ಗ್ರಾಮಿನ ಆರು ಬಾಟಲಿ. ದುಬಾರಿ ಔಷಧ, ಆಯುಷ್ಮಾನ್ ಕಾರ್ಡು, ಪಡಿತರ ಚೀಟಿ ಮರೆಯದೆ ಒಯ್ಯಿರಿ. ಸ್ಟಿರಾಯ್ಡ್ ಜಿಬಿಎಸ್‌ಗೆ ಉಪಯೋಗವಿಲ್ಲ. ಆದರೆ ಸೋಲಿನ ಜೊತೆ ಮಂಪರು, ಫಿಟ್ಸ್ ಇದ್ದರೆ ಅದು ಎಡಿಇಎಂ ಎಂಬ ಮೆದುಳಿನ ಉರಿಯೂತ ಇರಬಹುದು, ಅಲ್ಲಿ ಸ್ಟಿರಾಯ್ಡೇ ಮೊದಲ ಔಷಧ. ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಹೋದ ಮೇಲೆ, ಬಲ ಇದ್ದೂ ತೂರಾಡುತ್ತಾ ನಡೆಯುವ ಮಗುವಿನದು ಬೇರೆಯೇ ಕತೆ. ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ, ಆದರೂ ಡಾಕ್ಟರಿಗೆ ತೋರಿಸಲೇಬೇಕು.

ಜಿಬಿಎಸ್ ಎರಡರಿಂದ ನಾಲ್ಕು ವಾರದಲ್ಲಿ ತನ್ನ ತುದಿ ಮುಟ್ಟಿ, ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಹೆಚ್ಚಿನ ಮಕ್ಕಳು ಮತ್ತೆ ನಡೆಯುತ್ತಾರೆ.

"ಪೋಲಿಯೊ ಅಲ್ಲಂದ್ರ ಸಂಡಾಸ ಯಾಕ್ ತಗೋತೀರಿ?" ಎಂದೂ ಕೇಳುತ್ತಾರೆ. 15 ವರ್ಷದೊಳಗಿನ ಯಾವ ಮಗುವಿಗೆ ಹೀಗೆ ಒಮ್ಮೆಲೇ ಕೈಕಾಲು ಸೋತರೂ, ಸೋತ 14 ದಿನದೊಳಗೆ, ಕನಿಷ್ಠ 24 ತಾಸು ಅಂತರದಲ್ಲಿ, 8 ಗ್ರಾಮಿನಂತೆ ಮಲದ ಎರಡು ಮಾದರಿ ಐಸಿನಲ್ಲಿಟ್ಟು ಪೋಲಿಯೊ ಪರೀಕ್ಷೆಗೆ ಕಳಿಸಲೇಬೇಕು. ಪೋಲಿಯೊ ಮರಳಿಲ್ಲವೆಂದು ದೇಶ ಹೇಳುವುದು ಈ ಡಬ್ಬಿಗಳನ್ನು ನೋಡಿಯೇ.